ಶುಗರ್, ಬಿಪಿ, ಒಂದು ಕ್ವಾಟ್ರು: ದಾವಣಗೆರೆಯ ಸಂಜೆಕೂಟಗಳು

ಐವತ್ತು ದಾಟಿದ ನಾಲ್ಕೈದು ಮಂದಿ ಗೆಳೆಯರು ದಾವಣಗೆರೆಯ ಬಾರೊಂದರಲ್ಲಿ ಮೇಜು ಹಿಡಿದರೆ ಮೊದಲು ಹೊರಬರುವುದು ಮಾತ್ರೆಗಳ ಸುದ್ದಿ. ‘ಲೇ, ಆವಾಗ ಕ್ವಾಟ್ರು ಹಾಕ್ಕೊಂಡು ಸೈಕಲ್ ಮ್ಯಾಲೆ ಹರಿಹರಕ್ಕೆ ಹೋಗಿ ಬರ್ತಿದ್ವಿ, ಈಗ ಬಾರಿನ ಮೆಟ್ಲು ಇಳಿಯಾಕೂ ಒಬ್ರು ಕೈ ಹಿಡೀಬೇಕು’ ಎಂದು ಒಬ್ಬ ಶುರು ಮಾಡುತ್ತಾನೆ. ‘ಕನ್ನಡಕ ಮರೆತು ಬಂದೀನಿ, ಬಿಲ್ ಕಾಣಲ್ಲ, ನೀನೇ ಕೊಟ್ಬಿಡಪ್ಪ’ ಎಂದು ಇನ್ನೊಬ್ಬ. ತಲೆಗೂದಲು, ಹೊಟ್ಟೆ, ಮೊಣಕಾಲು, ಶುಗರ್ ರಿಪೋರ್ಟು ಒಂದೊಂದಾಗಿ ಚರ್ಚೆಗೆ ಬರುತ್ತವೆ. ಅಷ್ಟರಲ್ಲಿ ಖಾರಾ ಮಂಡಕ್ಕಿಯ ತಟ್ಟೆ ಎರಡು ಸಲ ಖಾಲಿಯಾಗಿರುತ್ತದೆ.

ಈ ಕೂಟವನ್ನು ಊರು ಎರಡೇ ಬಗೆಯಲ್ಲಿ ನೋಡುತ್ತ ಬಂದಿದೆ. ಕುಡಿಯುವವರಿಗೆ ಅದು ಮಜಾ, ಕುಡಿಯದವರಿಗೆ ಕೆಟ್ಟ ಚಟ. ಒಂದು ನಾಟಕವನ್ನೋ ಜಾತ್ರೆಯನ್ನೋ ತೂಗಿ ನೋಡುವಂತೆ ಇದನ್ನು ಯಾರೂ ತೂಗಿ ನೋಡಿಲ್ಲ. ಹಾಗೆ ನೋಡುವುದು ಅಗತ್ಯ. ಏಕೆಂದರೆ ನಡುವಯಸ್ಸಿನ ಗಂಡಸರು ತಮ್ಮ ಭಯಗಳನ್ನು ಬಾಯಿಬಿಟ್ಟು ಹೇಳುವ ಜಾಗಗಳು ದಾವಣಗೆರೆ, ಹರಿಹರ ಎಂಬ ಈ ಅವಳಿ ಊರುಗಳಲ್ಲಿ ಬಹಳ ಕಡಿಮೆ, ಇದ್ದುದರಲ್ಲಿ ಈ ಮೇಜು ಮುಖ್ಯವಾದದ್ದು. ಅಲ್ಲಿ ಬೆಲೆ ಬಾಳುವುದು ಮಾತು ಮತ್ತು ನಗು. ಅದನ್ನು ಹಾಳು ಮಾಡುತ್ತಿರುವುದು ಗ್ಲಾಸು.

ಈ ಮೇಜು ಎಲ್ಲಿಂದ ಬಂತು ಎಂಬುದಕ್ಕೆ ಊರಿನ ಇತಿಹಾಸದಲ್ಲೇ ಉತ್ತರವಿದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವಂತೆ ಮಾಡಿದ್ದು ಹತ್ತಿ ಗಿರಣಿಗಳು. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದುದ್ದಕ್ಕೂ ಹೆಸರಾಗಿದ್ದವು. ತುಂಗಭದ್ರೆಯ ಆಚೆ ದಡದಲ್ಲಿ, ಕುಮಾರಪಟ್ಟಣದಲ್ಲಿ, ಹರಿಹರ ಪಾಲಿಫೈಬರ್ಸ್ ಬಂತು. ಒಂದೇ ಪಾಳಿಯಲ್ಲಿ ದುಡಿದವರು ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದರು, ಸೈರನ್ ಕೂಗಿದ ಮೇಲೆ ಒಟ್ಟಿಗೆ ಹೊರಗೆ ಬರುತ್ತಿದ್ದರು. ಗೆಳೆತನಕ್ಕೆಂದು ಬೇರೆ ಹೊತ್ತು ಹೊಂದಿಸುವ ಪ್ರಮೇಯವೇ ಇರಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಹೊಸ ಶತಮಾನದ ಆರಂಭದ ಹೊತ್ತಿಗೆ ಕಿರ್ಲೋಸ್ಕರ್ ಕೂಡ ನಿಂತಿತು. ಆಗ ಯುವಕರಾಗಿದ್ದವರಿಗೆ ಈಗ ಐವತ್ತೈದು, ಅರವತ್ತು. ದಿನಾ ಮುಖ ನೋಡುತ್ತಿದ್ದ ಜಾಗವನ್ನು ಕಳೆದುಕೊಂಡವರು ತಿಂಗಳಿಗೊಮ್ಮೆಯಾದರೂ ಸೇರಲು ಇನ್ನೊಂದು ಜಾಗ ಹುಡುಕಿಕೊಂಡರು.

ಕುಡಿತದ ರೀತಿಯೂ ಅಷ್ಟರಲ್ಲಿ ಬದಲಾಗಿತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಹರಿದು, ನಿಂತಲ್ಲೇ ಗಂಟಲಿಗೆ ಸುರಿದುಕೊಂಡು, ಬಾಯಿಗೆ ಉಪ್ಪಿನಕಾಯಿ ತಾಗಿಸಿ ಹೊರಡುವ ಕುಡಿತದಲ್ಲಿ ಮಾತಿಗೆ ಜಾಗವಿರಲಿಲ್ಲ. ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಕೂರಬೇಕು, ಏನಾದರೂ ನಂಜಿಕೊಳ್ಳಲು ತರಿಸಬೇಕು, ಬಿಲ್ಲನ್ನು ತಲೆಗಿಷ್ಟೆಂದು ಹಂಚಿಕೊಳ್ಳಬೇಕು. ಖರ್ಚು ಏರಿತು. ಆದರೆ ಅದರ ಜೊತೆಗೇ ಎರಡು ಮೂರು ಗಂಟೆಗಳ ಸಂಭಾಷಣೆ ಎಂಬ ಹೊಸ ವಸ್ತುವೂ ಸಿಕ್ಕಿತು.

ಕುಡಿತ ಮತ್ತು ವಿನೋದ ಒಟ್ಟಿಗೆ ಹೋಗುತ್ತವೆ ಎಂಬ ನಂಬಿಕೆಗೆ ಈ ಜಿಲ್ಲೆಯವರು ಕೊಡುವ ದೊಡ್ಡ ಸಾಕ್ಷಿ ಜೆ.ಎಚ್. ಪಟೇಲರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು, 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದವರು, ಮುಖ್ಯಮಂತ್ರಿಯಾಗಿದ್ದಾಗ 1997ರಲ್ಲಿ ದಾವಣಗೆರೆಯನ್ನು ಜಿಲ್ಲೆ ಮಾಡಿದವರು. ತಮ್ಮ ಕುಡಿಯುವ ಅಭ್ಯಾಸವನ್ನು ಅವರು ಮುಚ್ಚಿಡಲಿಲ್ಲ. ಅವರ ಹಾಸ್ಯಪ್ರಜ್ಞೆಯ ಕತೆಗಳು ಇಂದಿಗೂ ಈ ಮೇಜುಗಳ ಮೇಲೆ ಓಡಾಡುತ್ತವೆ. ಆದರೆ ಪಟೇಲರ ನಗೆಯ ಮೂಲ ಬೇರೆ. ಸಮಾಜವಾದಿ ಚಳವಳಿಯ ಓದು, ಶಾಂತವೇರಿ ಗೋಪಾಲಗೌಡರ ಒಡನಾಟ, ತನ್ನನ್ನೇ ಗೇಲಿ ಮಾಡಿಕೊಳ್ಳುವ ಧೈರ್ಯ ಇವೆಲ್ಲ ಸೇರಿ ಬಂದದ್ದು ಅದು. ವಿಧಾನಸಭೆಯಲ್ಲಿ, ಹಗಲು ಹೊತ್ತಿನಲ್ಲಿ, ವಿರೋಧ ಪಕ್ಷದವರನ್ನೂ ನಗಿಸಿದ ಮಾತುಗಳವು. ಅದನ್ನು ಬಾಟಲಿಯ ಖಾತೆಗೆ ಬರೆಯುವುದು ಅವರಿಗೆ ಮಾಡುವ ಅನ್ಯಾಯ.

ಈ ಕೂಟಗಳ ದೊಡ್ಡ ರೂಪ ಗುರುವಂದನೆ. ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತೈದೋ ಮೂವತ್ತೋ ವರ್ಷವಾದ ಬ್ಯಾಚಿನವರು ವಾಟ್ಸ್ಆ್ಯಪ್ ಗುಂಪು ಕಟ್ಟಿ, ಹಳೆಯ ಮೇಷ್ಟ್ರುಗಳನ್ನು ಹುಡುಕಿ, ಬೆಳಗ್ಗೆ ಶಾಲೆಯ ಅಂಗಳದಲ್ಲಿ ಶಾಲು ಹೊದಿಸಿ ಕಾಲಿಗೆ ಬೀಳುತ್ತಾರೆ. ಮಧ್ಯಾಹ್ನ ಹೋಳಿಗೆ ಊಟ. ಜೊತೆಯಲ್ಲಿ ಓದಿದ ಹೆಣ್ಣುಮಕ್ಕಳು ಗಂಡ, ಮಕ್ಕಳು, ಬಸ್ಸು ಎಂದು ನಾಲ್ಕು ಗಂಟೆಗೆ ಹೊರಡುತ್ತಾರೆ. ಸಂಜೆ ಗಂಡಸರು ಬೈಪಾಸಿನ ಕಡೆಯ ಯಾವುದಾದರೂ ಗಾರ್ಡನ್ ರೆಸ್ಟೋರೆಂಟಿಗೆ ತಿರುಗುತ್ತಾರೆ. ಒಂದೇ ದಿನದ ಎರಡು ಭಾಗಗಳಲ್ಲಿ ಬೆಳಗಿನದೇ ಹೆಚ್ಚು ತೂಕದ್ದು. ಎಂಬತ್ತರ ಮೇಷ್ಟ್ರೊಬ್ಬರು ಐವತ್ತರ ಶಿಷ್ಯನ ಹೆಸರು ಹಿಡಿದು ಕರೆದಾಗ ಆಗುವ ಸಂತೋಷಕ್ಕೆ ಸಂಜೆಯ ಯಾವ ಸುತ್ತೂ ಸಾಟಿಯಲ್ಲ. ಹಾಗಿದ್ದೂ ಮರುದಿನ ಗುಂಪಿನಲ್ಲಿ ಹರಿದಾಡುವ ಫೋಟೊಗಳು ಹೆಚ್ಚಾಗಿ ಸಂಜೆಯವು.

ಈಗ ನಗೆಯ ಗುಣವನ್ನೇ ನೋಡೋಣ. ವಯಸ್ಸಿನ ಬಗ್ಗೆ ಈ ಮೇಜುಗಳಲ್ಲಿ ಹುಟ್ಟುವ ಹಾಸ್ಯದಲ್ಲಿ ಒಂದು ದೊಡ್ಡ ಒಳ್ಳೆಯತನವಿದೆ: ಅದು ಮೇಲು ಕೀಳನ್ನು ಅಳಿಸುತ್ತದೆ. ಮಂಡಕ್ಕಿ ಭಟ್ಟಿಯ ಮಾಲೀಕ, ಬ್ಯಾಂಕಿನ ಮ್ಯಾನೇಜರು, ಎಪಿಎಂಸಿಯ ದಲ್ಲಾಳಿ, ಆಟೋ ಓಡಿಸುವವನು ಎಲ್ಲರಿಗೂ ಮೊಣಕಾಲು ಒಂದೇ ಥರ ನೋಯುತ್ತದೆ. ‘ಶಾಮನೂರು ಯಜಮಾನ್ರು ತೊಂಬತ್ತೊಂದಕ್ಕೆ ಎಲೆಕ್ಷನ್ ಗೆದ್ರು, ನೀನು ಐವತ್ತೈದಕ್ಕೇ ಮುದುಕ ಆದೆ ಅಂತೀಯಲ್ಲಲೇ’ ಎಂಬ ಧಾಟಿಯ ಮಾತು ದಾವಣಗೆರೆಯಲ್ಲಷ್ಟೇ ಹುಟ್ಟಬಲ್ಲದು. 2023ರಲ್ಲಿ ದಾವಣಗೆರೆ ದಕ್ಷಿಣದಿಂದ ಶಾಮನೂರು ಶಿವಶಂಕರಪ್ಪನವರು ಗೆದ್ದಾಗ ಅವರ ವಯಸ್ಸು ನಿಜಕ್ಕೂ 91. ಇದೇ ಊರಿನಲ್ಲಿ 2022ರ ಆಗಸ್ಟ್ 3ರಂದು ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬಕ್ಕೆ ಲಕ್ಷಾಂತರ ಜನ ಸೇರಿದ್ದರು. ವಯಸ್ಸಾಗುವುದನ್ನು ಪೆಂಡಾಲು ಹಾಕಿ, ಕಟೌಟು ನಿಲ್ಲಿಸಿ ಆಚರಿಸಿಕೊಳ್ಳುವ ಭಾಗ್ಯ ನಾಯಕರಿಗಿದೆ. ಸಾಮಾನ್ಯನಿಗೆ ತನ್ನ ವಯಸ್ಸನ್ನು ಒಪ್ಪಿಕೊಳ್ಳಲು ಇರುವುದು ನಾಲ್ಕು ಕುರ್ಚಿ, ನಾಲ್ಕು ಗೆಳೆಯರು.

ಅದೇ ನಗೆ ಇನ್ನೊಂದು ಹಂತದಲ್ಲಿ ಸೋಲುತ್ತದೆ. ಒಬ್ಬ ‘ಯಾಕೋ ರಾತ್ರಿ ಎದೆ ಹಿಡಿದಂಗೆ ಆಗ್ತದೆ’ ಎನ್ನುತ್ತಾನೆ. ಅದು ನಿಜವಾದ ಮಾತು, ಬಹುಶಃ ಹೆಂಡತಿಗೂ ಹೇಳದ ಮಾತು. ‘ಇನ್ನೊಂದು ನೈಂಟಿ ಹಾಕು, ಬಿಡ್ತದೆ’ ಎಂಬ ಉತ್ತರಕ್ಕೆ ಮೇಜೆಲ್ಲ ನಗುತ್ತದೆ, ಅವನೂ ನಗುತ್ತಾನೆ. ಅಲ್ಲಿಗೆ ಆ ವಿಷಯ ಮುಗಿಯಿತು. ಮಗ ಬೆಂಗಳೂರಿಂದ ಫೋನ್ ಮಾಡುವುದಿಲ್ಲ ಎಂಬ ಸಂಕಟ, ಅಂಗಡಿಯ ಸಾಲ, ಕಣ್ಣಿನ ಪೊರೆಯ ಭಯ ಎಲ್ಲವೂ ಹೀಗೇ ತಮಾಷೆಯ ಅಡಿಗೆ ಹೋಗುತ್ತವೆ. ಕೂಟದ ವಿರುದ್ಧ ಹೇಳಬೇಕಾದ ಗಂಭೀರ ಮಾತು ಇದೇ. ಗೆಳೆಯ ಬಾಯಿ ತೆರೆಯುವವರೆಗೆ ಅದು ಅದ್ಭುತವಾಗಿ ಕೆಲಸ ಮಾಡುತ್ತದೆ. ಆಮೇಲೆ ಅವನನ್ನು ಕೇಳಿಸಿಕೊಳ್ಳುವುದಿಲ್ಲ.

ಹೆಂಡತಿಯರ ಮೇಲಿನ ಜೋಕುಗಳು ಇನ್ನೂ ಬಡವು. ಹೆಂಡತಿ ಅಲ್ಲಿ ಬರೀ ಕಾವಲುಗಾರ್ತಿ, ಫೋನ್ ಮಾಡಿ ಮಜಾ ಕೆಡಿಸುವವಳು. ಕನ್ನಡ ಸಾಹಿತ್ಯದ ಅತ್ಯಂತ ಪ್ರಸಿದ್ಧ ಕುಡುಕ ಜಿ.ಪಿ. ರಾಜರತ್ನಂ ಅವರ ರತ್ನ. ಅವನು ತನ್ನ ಹೆಂಡತಿ ಪುಟ್ನಂಜಿಯ ಚೆಲುವನ್ನು ಕಂಡು ಹಾಡಿದವನು. ಕುಡಿದ ನಾಲಿಗೆಯಲ್ಲೂ ಪ್ರೀತಿಗೆ ಜಾಗವಿದೆ ಎಂದು ಆ ಪದಗಳು ತೋರಿಸಿ ಎಂಟು ದಶಕಗಳೇ ದಾಟಿದವು. ಇಂದಿನ ಮೇಜುಗಳ ಹಾಸ್ಯ ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ.

ಇನ್ನು ಲೆಕ್ಕಕ್ಕೆ ಬರೋಣ, ಏಕೆಂದರೆ ಈ ಕೂಟಗಳಲ್ಲಿ ಹೆಚ್ಚು ತಪ್ಪುವುದು ಲೆಕ್ಕವೇ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮಿನಲ್ಲಿ ಸಾಮಾನ್ಯವಾಗಿ 42.8% ಮದ್ಯಸಾರ. 180 ಮಿಲಿಲೀಟರಿನ ಕ್ವಾಟ್ರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ದೇಹ ಅದನ್ನು ಸಾಮಾನ್ಯವಾಗಿ ಗಂಟೆಗೆ 7ರಿಂದ 10 ಗ್ರಾಂನಂತೆ ಕರಗಿಸುತ್ತದೆ. ರಾತ್ರಿ ಹತ್ತಕ್ಕೆ ಮುಗಿಸಿದವನ ಮೈಯಲ್ಲಿ ಬೆಳಗಿನ ಜಾವದವರೆಗೂ ಅದು ಉಳಿದಿರಬಹುದು. ‘ಬಿಯರ್ ಏನೂ ಮಾಡಲ್ಲ’ ಎನ್ನುವವರ ಸ್ಟ್ರಾಂಗ್ ಬಿಯರಿನ ದೊಡ್ಡ ಬಾಟಲಿಯಲ್ಲೂ ಎರಡು ಲಾರ್ಜಿಗೆ ಹತ್ತಿರದಷ್ಟು ಮದ್ಯಸಾರವಿದೆ. ವಯಸ್ಸಾದಂತೆ ಮೈಯಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ, ಹಾಗಾಗಿ ಮೂವತ್ತರಲ್ಲಿ ಕುಡಿದಷ್ಟೇ ಕುಡಿದರೂ ಐವತ್ತೈದರಲ್ಲಿ ರಕ್ತಕ್ಕೆ ಏರುವ ಪ್ರಮಾಣ ಹೆಚ್ಚು. ಮೇಲೆ ಶುಗರಿನ ಮಾತ್ರೆ, ಬಿಪಿಯ ಮಾತ್ರೆ. ‘ಮೊದಲಿನ ಕೆಪಾಸಿಟಿ ಇಲ್ಲ’ ಎಂಬ ಜೋಕು ದೇಹಶಾಸ್ತ್ರದ ಪ್ರಕಾರ ಪೂರ್ತಿ ಸತ್ಯ.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಕೂಟ ಮುಗಿಸಿ ಬೈಕ್ ಹತ್ತುವವರಿಗೆ ಅದು ಹತ್ತಿರದ ದಾರಿ, ಅಪಾಯವಿರುವುದು ಆ ‘ಹತ್ತಿರ’ದಲ್ಲೇ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಮಧ್ಯಮ ಮೈಕಟ್ಟಿನವನನ್ನು ಒಂದೇ ಲಾರ್ಜ್ ಆ ಗೆರೆ ದಾಟಿಸಬಲ್ಲದು. ಮೊದಲ ಸಲ ಸಿಕ್ಕಿಬಿದ್ದರೆ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ.

ಡೆನ್ಮಾರ್ಕಿನ ಥಾಮಸ್ ವಿಂಟರ್‌ಬರ್ಗ್ 2020ರಲ್ಲಿ ಮಾಡಿದ ‘ಅನದರ್ ರೌಂಡ್’ ಚಿತ್ರ ನಡುವಯಸ್ಸಿನ ಗೆಳೆಯರ ಕುಡಿತವನ್ನೇ ವಸ್ತುವಾಗಿ ಎತ್ತಿಕೊಂಡಿತ್ತು, ಆಸ್ಕರ್ ಕೂಡ ಪಡೆಯಿತು. ನಾಲ್ವರು ಶಾಲಾ ಮೇಷ್ಟ್ರುಗಳು, ಒಬ್ಬನ ನಲವತ್ತನೇ ಹುಟ್ಟುಹಬ್ಬ, ಬೇಸತ್ತ ಬದುಕು. ರಕ್ತದಲ್ಲಿ ಸದಾ 0.05% ಮದ್ಯಸಾರ ಇಟ್ಟುಕೊಂಡರೆ ಚೈತನ್ಯ ಬರುತ್ತದೆಂಬ ಪ್ರಯೋಗಕ್ಕೆ ಇಳಿಯುತ್ತಾರೆ. ಅದು ನಮ್ಮ ರಸ್ತೆಯ ಮಿತಿಗಿಂತ ಹೆಚ್ಚು! ಮೊದಲು ಪಾಠಗಳು ಚುರುಕಾಗುತ್ತವೆ, ಕೊನೆಗೆ ಒಬ್ಬ ಗೆಳೆಯ ಸಾಯುತ್ತಾನೆ. ಚಿತ್ರದ ದೊಡ್ಡತನವೆಂದರೆ ಅದು ಸಂತೋಷವನ್ನೂ ಸಾವನ್ನೂ ಒಂದೇ ಪ್ರಾಮಾಣಿಕತೆಯಿಂದ ತೋರಿಸುತ್ತದೆ. ನಮ್ಮ ಸಿನಿಮಾ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. 1992ರ ‘ಜೀವನ ಚೈತ್ರ’ದಲ್ಲಿ ರಾಜ್‌ಕುಮಾರ್ ಸಾರಾಯಿಯ ವಿರುದ್ಧ ನಿಂತರು. 2013ರ ‘ವಿಕ್ಟರಿ’ಯ ಕ್ವಾಟ್ರು ಹಾಡು ಮದುವೆ ಮನೆಗಳಲ್ಲೂ ಕುಣಿಸಿತು. ನಡುವಯಸ್ಸಿನ ಗೆಳೆಯರ ಮೇಜನ್ನು ಅದರ ಎಲ್ಲ ಬೆಳಕು ನೆರಳಿನೊಂದಿಗೆ ತೋರಿಸುವ ಕನ್ನಡ ಚಿತ್ರ ಬರಬೇಕಾಗಿದೆ.

ಕುಡಿತ ಬಿಡಿಸುವ ದೊಡ್ಡ ಕೆಲಸಗಳು ನಮ್ಮ ರಾಜ್ಯದಲ್ಲಿ ನಡೆದಿವೆ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ ಊರೂರು ಸುತ್ತಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಸಾವಿರಾರು ಮನೆಗಳನ್ನು ಉಳಿಸಿವೆ. ಅದೇ ರಾಜ್ಯ 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತು. ಈ ಎರಡು ತುದಿಗಳ ನಡುವೆ, ಚಟಕ್ಕೆ ಬೀಳದೆ, ಗೆಳೆಯರನ್ನು ಬಿಡಲಾಗದೆ ತಿಂಗಳಿಗೊಮ್ಮೆ ಮೇಜಿಗೆ ಬರುವವನ ಜೊತೆ ಮಾತಾಡುವವರಿಲ್ಲ. ಅವನಿಗೆ ಬೇಕಾದದ್ದು ಸೇರಲು ಇನ್ನೊಂದು ಜಾಗ. ಸಂಬಂಧಗಳ ಬೆಲೆಯನ್ನು 1938ರಲ್ಲಿ ಶುರುವಾಗಿ ಇಂದಿಗೂ ನಡೆದಿರುವ, ವಯಸ್ಕರ ಬದುಕಿನ ಕುರಿತ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನ ಬೇರೆ ದಾರಿಯಿಂದ ಕಂಡುಕೊಂಡಿತು. ಐವತ್ತರ ವಯಸ್ಸಿನಲ್ಲಿ ಸಂಬಂಧಗಳಲ್ಲಿ ತೃಪ್ತಿ ಕಂಡವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಅವರ ಸಂಸಾರಗಳನ್ನು ಹೆಚ್ಚು ಒಡೆದದ್ದು ಕುಡಿತ ಎಂಬುದೂ ಅದೇ ಅಧ್ಯಯನದಲ್ಲಿದೆ.

ಕುಡಿಯದ ಗೆಳೆಯನ ಸ್ಥಿತಿಯನ್ನೂ ಹೇಳಬೇಕು. ‘ಸೈಡ್ಸ್ ಖಾಲಿ ಮಾಡೋನು’ ಎಂಬ ಬಿರುದು ಹೊತ್ತು, ಸೋಡಾ ಹಿಡಿದು ಕೂತು, ಬಿಲ್ಲಿನಲ್ಲಿ ಸಮಪಾಲು ಕೊಟ್ಟು, ಕೊನೆಗೆ ಎಲ್ಲರನ್ನೂ ಮನೆ ಮುಟ್ಟಿಸುವವನು ಅವನೇ. ಕೂಟದ ಅತ್ಯಂತ ನಿಷ್ಠಾವಂತ ಸದಸ್ಯನಿಗೆ ಅತ್ಯಂತ ಕಡಿಮೆ ಗೌರವ. ಕೂಟದ ಹೊರಗಿನವರೂ ಬೆಲೆ ತೆರುತ್ತಾರೆ: ಬಾರಿನ ಖರ್ಚು ಉಳಿಸಲು ಭದ್ರಾ ನಾಲೆಯ ಏರಿಯ ಮೇಲೋ ಗದ್ದೆಯ ಬದುವಿನಲ್ಲೋ ಕೂರುವವರು ಬಿಟ್ಟು ಬಂದ ಬಾಟಲಿಯ ಚೂರು ನಾಟಿಗೆ ಇಳಿದವರ ಕಾಲಿಗೆ ನೆಡುತ್ತದೆ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ.

ದಾವಣಗೆರೆಯಂಥ ಊರಿಗೆ ಬೇರೆ ಜಾಗದ ಕೊರತೆಯಿಲ್ಲ. ಸಂಜೆಯಾದರೆ ಮಿರ್ಚಿ ಮಂಡಕ್ಕಿ ಅಂಗಡಿಗಳ ಮುಂದೆ ಬೆಂಚು ಸಿಗುತ್ತದೆ, ಕುಂದವಾಡ ಕೆರೆಯ ಏರಿಯ ಮೇಲೆ ನಡೆಯಲು ದಾರಿಯಿದೆ, ಬೆಣ್ಣೆ ದೋಸೆಯ ಹೋಟೆಲುಗಳಲ್ಲಿ ಒಂದು ಗಂಟೆ ಮಾತಾಡಿದರೂ ಯಾರೂ ಎಬ್ಬಿಸುವುದಿಲ್ಲ. ಮುಂದಿನ ಗುರುವಂದನೆಯ ಸಂಘಟಕರಲ್ಲಿ ಕೇಳಿಕೊಳ್ಳಬೇಕಾದದ್ದು ಇಷ್ಟು. ಸಂಜೆಯ ಕೂಟವನ್ನೂ ಶಾಲೆಯ ಅಂಗಳದಲ್ಲೇ ಮಾಡಿ, ಜೊತೆಯಲ್ಲಿ ಓದಿದ ಹೆಣ್ಣುಮಕ್ಕಳು ಕೂತು ನಗುವಂತೆ ಮಾಡಿ. ಕುಡಿದೇ ತೀರುವವರಿದ್ದರೆ ಅವರ ಬಿಲ್ ಬೇರೆ ಇರಲಿ, ಹರಿಹರಕ್ಕೆ ಹೋಗುವವರಿಗೆ ಒಂದು ಗಾಡಿ ಗೊತ್ತು ಮಾಡಿ. ಗೆಳೆಯನೊಬ್ಬ ‘ಡಾಕ್ಟ್ರು ಬ್ಯಾಡ ಅಂದಾರೆ’ ಎಂದರೆ ಒತ್ತಾಯ ಮಾಡಬೇಡಿ, ಡಾಕ್ಟ್ರು ಏನಂದರು ಎಂದು ಕೇಳಿ.