‘ಶಿಶುವಿಹಾರ’ವೆಂಬ ಮಾತೂ ಪಾಳು ಗಿರಣಿಯ ನೆಲವೂ

ಕೆಲಸ ನಿಂತ ಕಾರಖಾನೆಗಳ ಆವರಣವನ್ನು ಉದ್ಯಾನವನ್ನಾಗಿಯೂ ಶಿಶುಶಾಲೆಯನ್ನಾಗಿಯೂ ಮಾರ್ಪಡಿಸಬೇಕೆಂಬ ವಿಚಾರವು ಈಚಿನದೆಂದು ಭಾವಿಸುವದುಂಟು. ಆದರೆ ಜರ್ಮನಿಯ ಫ್ರೋಬೆಲನು 1837ರಲ್ಲಿ ತನ್ನ ಶಿಶುಸಂಸ್ಥೆಯನ್ನು ಬ್ಲಾಂಕೆನ್‌ಬುರ್ಗ ಎಂಬ ಊರಿನ ಒಂದು ಹಳೆಯ ಸಿಡಿಮದ್ದಿನ ಗಿರಣಿಯಲ್ಲಿಯೇ ಪ್ರಾರಂಭಿಸಿದನು. ಅದಕ್ಕೆ ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂಬ ಹೆಸರನ್ನಿಟ್ಟದ್ದು 1840ರಲ್ಲಿ. ಆ ಹೆಸರಿನೊಳಗಿನ ತೋಟವು ಕೇವಲ ರೂಪಕವಲ್ಲ. ಪ್ರತಿಯೊಂದು ಮಗುವಿಗೆ ಸ್ವಂತದ್ದೊಂದು ಸಣ್ಣ ಮಡಿ, ಅವುಗಳ ಸುತ್ತಲೂ ಎಲ್ಲರಿಗೂ ಸೇರಿದ ಮಡಿಗಳು. ಇದು ಅವನು ವಿವರಿಸಿದ ಏರ್ಪಾಡು.

ಕನ್ನಡದಲ್ಲಿ ಈ ಮಾತು ‘ಶಿಶುವಿಹಾರ’ವಾಯಿತು. ಮಾತು ಇಂಪಾದದ್ದೇ ಸರಿ. ಆದರೆ ವಿಹರಿಸುವವನು ನೆಲವನ್ನು ಮೆಟ್ಟುವನಲ್ಲದೆ ಅಗೆಯುವದಿಲ್ಲ. ‘ಉದ್ಯಾನ’ವೂ ಅದೇ ಮನೆತನದ್ದು, ಧಾತುವನ್ನು ನೋಡಿದರೆ ಹೊರಗೆ ಹೋಗುವದೆಂದೇ ಅರ್ಥ. 1975ರ ಅಕ್ಟೋಬರ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೊಡನೆ ಮನೆಮಾತಾದ ‘ಅಂಗನವಾಡಿ’ಯಲ್ಲಿ ಮಾತ್ರ ತೋಟವು ಅಡಗಿ ಕುಳಿತಿದೆ. ವಾಡಿಯು ಸಂಸ್ಕೃತದ ವಾಟಿಕೆಯಿಂದ ಬಂದದ್ದು. ಗುಜರಾತಿಯಲ್ಲಿ ಇಂದಿಗೂ ಅದು ತೋಟವೇ. ಬೆಳಗಾವಿ ಸೀಮೆಯ ಕಿವಿಗೆ ಮಾತ್ರ ‘ವಾಡಿ’ಯೆಂದರೆ ಸಣ್ಣ ಊರು.

ಈ ನಷ್ಟವು ಕೋಶಕಾರನೊಬ್ಬನದೇ ಅಲ್ಲ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ವಿದ್ಯುತ್ ಪರಿವರ್ತಕಗಳನ್ನು ತಯಾರಿಸುತ್ತಿದ್ದ ಎನ್.ಜಿ.ಇ.ಎಫ್. ಕಾರಖಾನೆಯು 2002ರಲ್ಲಿ ಮುಚ್ಚಿತು. ಆ ನೆಲದಲ್ಲಿ ಮರಗಳು ತಾವಾಗಿ ಬೆಳೆದವು. ಅಲ್ಲಿ ವೃಕ್ಷೋದ್ಯಾನವನ್ನು ರಚಿಸುವ ಯೋಜನೆಯನ್ನು ರಾಜ್ಯ ಸರಕಾರವು ಮುಂದಿಟ್ಟಿದೆ. ಯೋಜನೆಯು ಸ್ತುತ್ಯವೇ. ಆದರೂ ನೆರಳಿಗೆ ಬೇಕಾದ ನೆಲ ಬೇರೆ, ಮಗುವಿನ ಕೈಗೆ ಬೇಕಾದ ನೆಲ ಬೇರೆ. ಮಣ್ಣಾಡಿದ ಕೈ ಬಾಯಿಗೆ ಹೋಗುವದು ತಪ್ಪದು. ಹಳೆಯ ಬಣ್ಣದ ಸೀಸವೂ ಯಂತ್ರದ ಎಣ್ಣೆಯೂ ನೆಲದೊಳಗೆ ಇಳಿದಿದ್ದರೆ ಮೇಲಿನ ಹಸುರಿನಿಂದ ಅದು ತಿಳಿಯದು. ಡುಯಿಸ್‌ಬುರ್ಗದಲ್ಲಿ 1985ರಲ್ಲಿ ನಿಂತ ಕಬ್ಬಿಣದ ಕಾರಖಾನೆಯನ್ನು ಉದ್ಯಾನವಾಗಿಸಿದ ಪೀಟರ್ ಲಾಟ್ಸನು ಕುಲುಮೆಗಳನ್ನು ಹಾಗೆಯೇ ಉಳಿಸಿದನು. ಆದರೆ ತೀರ ವಿಷಪೂರಿತವಾದ ಮಣ್ಣನ್ನು ಮುಚ್ಚಿಡುವ ವ್ಯವಸ್ಥೆಯನ್ನು ಮಾಡಿದನು.

ಸವದತ್ತಿ, ಬೈಲಹೊಂಗಲಗಳ ಕಡೆಗೆ ಈ ಪ್ರಶ್ನೆಯು ಬಂದರೆ, ಅಲ್ಲಿಯ ಮಕ್ಕಳಿಗೆ ಫ್ರೋಬೆಲನ ಉಪದೇಶವು ಹೊಸದೆನಿಸಲಿಕ್ಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನೂ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನೂ ಮಾಡುವ ಬೆರಳುಗಳವು. ಶಾಲೆಯ ಬಾಗಿಲಲ್ಲಿ ಮಾತ್ರ ‘ಕೈ ಹೊಲಸಾದೀತು’ ಎಂಬ ಗದರಿಕೆ! ಎರೆಯ ನಾಡಿನಲ್ಲಿ ಹತ್ತಿಯ ಗಿರಣಿಯೊಂದರ ಪಾಳು ಆವರಣವನ್ನು ಮಕ್ಕಳಿಗೆ ಕೊಡುವ ಪ್ರಸಂಗ ಬಂದರೆ ಸಸಿ ನೆಡುವದಕ್ಕಿಂತ ಮೊದಲು ಮಣ್ಣಿನ ಪರೀಕ್ಷೆಯಾಗತಕ್ಕದ್ದು. ಅದು ಕೆಟ್ಟಿದ್ದರೆ ಅದರ ಮೇಲೆ ಕಟ್ಟೆ ಕಟ್ಟಿ, ಹೊಲದ ಎರೆಮಣ್ಣನ್ನು ತಂದು ತುಂಬಿ, ಮಡಿಗಳನ್ನು ಮಾಡತಕ್ಕದ್ದು. ಹೆಸರಿಗೆ ಸಂಸ್ಕೃತವನ್ನು ಹುಡುಕುವ ಕಾರಣವೂ ಇಲ್ಲ. ಮನೆಯ ಹಿಂದೆ ಬದನೆ, ಹೀರೆಗಳನ್ನು ಬೆಳೆಯುವ ಜಾಗಕ್ಕೆ ಆ ಸೀಮೆಯವರು ‘ಹಿತ್ತಲ’ ಎನ್ನುತ್ತಾರೆ. ‘ಮಕ್ಕಳ ಹಿತ್ತಲ’ ಎಂದರೆ ಕಿಂಡರ್‌ಗಾರ್ಟನ್ನಿನ ಅರ್ಥವು ವಿಹಾರಕ್ಕಿಂತ ಹೆಚ್ಚು ನಿಜವಾಗಿ ಬರುವದು.