ಮೆಣಸಿನೊಳಗಿನ ಹಳದಿ ಸೂಜಿಗಳು

ಪದವಿ ವಿದ್ಯಾರ್ಥಿಗಳಿಗೆ ಕಲಿಸುವ ರಸಾಯನ ಪ್ರಯೋಗಗಳಲ್ಲಿ ಕರಿಮೆಣಸಿನಿಂದ ಪೈಪರೀನ್ ತೆಗೆಯುವುದರಷ್ಟು ಸೊಗಸಾದದ್ದು ಅಪರೂಪ. ಪಶ್ಚಿಮಘಟ್ಟದ ಈ ಬಳ್ಳಿಯ ಕಾಳು ಶುಂಠಿ, ಹಿಪ್ಪಲಿಗಳ ಜೊತೆ ತ್ರಿಕಟು ಚೂರ್ಣಕ್ಕೂ ಬೇಕು. ಮೆಣಸಿನ ಖಾರದ ಮೂಲವಾದ ಪೈಪರೀನನ್ನು 1819ರಲ್ಲಿ ಮೊದಲು ಬೇರ್ಪಡಿಸಿದವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್‌ಸ್ಟೆಡ್. ಮರುವರ್ಷವೇ ವಿದ್ಯುತ್ತಿಗೂ ಕಾಂತತೆಗೂ ಇರುವ ನಂಟನ್ನು ತೋರಿಸಿಕೊಟ್ಟವರೂ ಅವರೇ!

ಮೆಣಸಿನ ಪುಡಿಯನ್ನು ಎಥನಾಲ್‌ನಲ್ಲಿ ಕುದಿಸಿ, ಸೋಸಿ, ಬತ್ತಿಸಿದರೆ ಉಳಿಯುವುದು ಕಂದು ಅಂಟು. ರಾಳ, ಎಣ್ಣೆ, ಬಣ್ಣ ಎಲ್ಲವೂ ಅದರಲ್ಲಿ ಕಲಸಿಹೋಗಿರುತ್ತವೆ. ಮದ್ಯಸಾರದಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿದಾಗ ಆಮ್ಲೀಯ ರಾಳಗಳು ಲವಣಗಳಾಗಿ ಬೇರೆಯಾಗುತ್ತವೆ. ತಿಳಿಯನ್ನು ಬಸಿದು ಬಿಸಿಯಿರುವಾಗಲೇ ಹನಿಹನಿ ನೀರು ಬಿಡಬೇಕು. ಅವಸರಪಟ್ಟು ಸುರಿದರೆ ಹರಳಿನ ಬದಲು ಎಣ್ಣೆಯಂಥ ಮುದ್ದೆಯೇ ಸಿಗಬಹುದು. ದ್ರಾವಣ ಮಸುಕಾಗುತ್ತಿದ್ದಂತೆ ಕೈ ತಡೆದು, ರಾತ್ರಿಯಿಡೀ ಹಾಗೇ ಬಿಟ್ಟರೆ ತೆಳುಹಳದಿ ಸೂಜಿಗಳು ಮೂಡುತ್ತವೆ. ತಾಳ್ಮೆಯನ್ನು ಇಷ್ಟು ಕಣ್ಣಿಗೆ ಕಾಣುವಂತೆ ಕಲಿಸುವ ಪಾಠ ಬೇರೆಲ್ಲಿದೆ?

ಹರಳು ಬಂದ ಮಾತ್ರಕ್ಕೆ ಅದು ಪೈಪರೀನ್ ಎಂದು ಒಪ್ಪುವಂತಿಲ್ಲ.

ಶುದ್ಧ ಪೈಪರೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕಲ್ಮಷವಿದ್ದರೆ ಅದಕ್ಕೂ ಮೊದಲೇ ಮೆತ್ತಗಾಗಿ, ಹಲವು ಡಿಗ್ರಿಗಳುದ್ದಕ್ಕೂ ಎಳೆದಾಡುತ್ತದೆ. ಮುಂದಿನ ಸಾಕ್ಷಿ ತೆಳುಪದರ ಕ್ರೊಮ್ಯಾಟೊಗ್ರಫಿ. ಗೊತ್ತಿರುವ ಪೈಪರೀನ್ ಪಕ್ಕದಲ್ಲಿ ಈ ಹರಳಿನ ಚುಕ್ಕಿಯೂ ಅಷ್ಟೇ ಎತ್ತರಕ್ಕೆ ಏರಬೇಕು. ಅದೇ ತಟ್ಟೆಯಲ್ಲಿ ಹಿಪ್ಪಲಿಯ ಸಾರವನ್ನು ಇಟ್ಟರೆ ಅಲ್ಲೂ ಆ ಚುಕ್ಕಿ ಕಾಣುತ್ತದೆ, ಹಸಿಶುಂಠಿಯಲ್ಲಿ ಕಾಣುವುದಿಲ್ಲ. ಶುಂಠಿಯ ಖಾರ ಜಿಂಜೆರಾಲ್‌ನದು.