ಗದ್ದಿಗೆಯಿಲ್ಲದ ಅರಸು

‘ಆಪ್ತರಕ್ಷಕ’ ಚಿತ್ರದಲ್ಲಿ ಹರಿದಾಡುವ ಮಹಾಸರ್ಪವು ಕಥೆಯ ಅಂಗವೋ ಬರಿಯ ಅಲಂಕಾರವೋ ಎಂಬ ವ್ಯಾಜ್ಯವನ್ನು ಈ ವಾರ ಇತ್ಯರ್ಥ ಮಾಡಿಕೊಡುವೆನೆಂದು ಕಳೆದ ಅಂಕಣದ ಕೊನೆಯಲ್ಲಿ ಮಾತು ಕೊಟ್ಟಿದ್ದೆ, ಮಾತು ಕೊಡುವಾಗ ಕೊಡಗಿನಲ್ಲಿ ಕಕ್ಕಡವೆಂಬ ಮಳೆಯ ಮಾಸವೊಂದಿದೆ ಎಂಬುದನ್ನು ಮರೆತಿದ್ದೆ. ಮದ್ದುಸೊಪ್ಪಿನ ಪಾಯಸದ ಆಸೆಗೆ ಕಕ್ಕಬ್ಬೆಯ ಕಡೆಯ ಮಿತ್ರರೊಬ್ಬರ ತೋಟದ ಮನೆಗೆ ಹೋದವನು ಮಳೆಯ ದೆಸೆಯಿಂದ ಮೂರು ದಿನ ಅಲ್ಲಿಯೇ ಸೆರೆಯಾದೆ. ಕರೆಂಟು ಬರುವುದೂ ಹೋಗುವುದೂ ವರುಣದೇವನ ಚಿತ್ತ. ಅದು ಬಂದಿದ್ದ ಒಂದು ಸಂಜೆ, ಮಿತ್ರರೂ ಅವರ ತಂದೆ ಎಂಬತ್ತೇಳರ ಅಜ್ಜನವರೂ ನಾನೂ ಕೂಡಿ ‘ಆಪ್ತರಕ್ಷಕ’ವನ್ನು ಮತ್ತೊಮ್ಮೆ ನೋಡತೊಡಗಿದೆವು. ನೋಡಿದೆವೆಂಬುದು ಅಕ್ಷರಶಃ ಸತ್ಯ, ಏಕೆಂದರೆ ಜಗಲಿಗೆ ಹೊದಿಸಿದ ತಗಡಿನ ಶೀಟಿನ ಮೇಲೆ ಮಳೆಯ ಮದ್ದಳೆ ಹೇಗೆ ಬಾರಿಸುತ್ತಿತ್ತೆಂದರೆ, ಗುರುಕಿರಣರ ಸಂಗೀತವಾಗಲಿ, ಪಾತ್ರಗಳ ಸಂಭಾಷಣೆಯಾಗಲಿ, ಒಂದಕ್ಷರವೂ ಕಿವಿಗೆ ಬೀಳಲಿಲ್ಲ.

ಭಯಾನಕ ಚಿತ್ರಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೊಂದಿಲ್ಲ. ಸದ್ದನ್ನು ಕಿತ್ತುಕೊಂಡರೆ ಈಗಿನ ದೆವ್ವಗಳಲ್ಲಿ ಹತ್ತಕ್ಕೆ ಒಂಬತ್ತು ಬಾಗಿಲ ಸಂದಿಯಿಂದ ಇಣುಕಿ ನೋಡುವ ನೆಂಟರಂತೆ ತೋರುತ್ತವೆ. ಈ ಚಿತ್ರದ ಮೊದಲರ್ಧವೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ಒಪ್ಪುತ್ತೇನೆ. ನಗಿಸಬೇಕೆಂದು ಹೊರಟ ದೃಶ್ಯಗಳು ಮೂಕವಾದಾಗ ಕೇವಲ ಕೈಕಾಲುಗಳ ಗಡಿಬಿಡಿಯಾಗಿ ಉಳಿದವು. ಆದರೆ ವಿಷ್ಣುವರ್ಧನರು ಅರಸ ವಿಜಯರಾಜೇಂದ್ರ ಬಹದ್ದೂರನಾಗಿ ತೆರೆಯ ಮೇಲೆ ಬಂದ ಗಳಿಗೆಯಲ್ಲಿ, ‘ಹೌಲಾ ಹೌಲಾ’ ಎಂಬ ಆ ಉದ್ಗಾರವು ಕೇಳಿಸದೆ ಕೇವಲ ತುಟಿಗಳ ಆಕಾರವಾಗಿ ಕಂಡಾಗ, ನಮ್ಮ ಅಜ್ಜನವರು ಕೈಯಲ್ಲಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟರು. ವಿಷ್ಣುವರ್ಧನರ ಕಣ್ಣುಗಳಿಗೆ ಮಾತಿನ ಆಸರೆ ಬೇಕಿರಲಿಲ್ಲವೆಂದು ಈ ಅಂಕಣದಲ್ಲಿ ಹಲವು ಸಲ ವಾದಿಸಿದ್ದೇನೆ. ಸಾಕ್ಷಿ ಒದಗಿದ್ದು ಈಗ.

ಇಲ್ಲಿ ಹಳೆಯದೊಂದು ಲೆಕ್ಕ ತೀರಿಸುವುದಿದೆ. ಗಡಿಯಾಚೆಯ ಮಲೆಯಾಳ ಚಿತ್ರಗಳನ್ನು ಕಂಡು ಬೆಳೆದ ನಮ್ಮ ಜಿಲ್ಲೆಯಲ್ಲಿ, ಫಾಜಿಲರು 1993ರಲ್ಲಿ ನಿರ್ದೇಶಿಸಿದ ‘ಮಣಿಚಿತ್ರತ್ತಾಳ್’ ಒಂದನ್ನೇ ಪ್ರಮಾಣಗ್ರಂಥವೆಂದು ಸ್ವೀಕರಿಸಿ, ಉಳಿದುದೆಲ್ಲವನ್ನೂ ಅಪಭ್ರಂಶವೆಂದು ತಳ್ಳಿಹಾಕುವ ಒಂದು ಪಂಥವಿದೆ. ಪಿ. ವಾಸು ಅವರು 2004ರಲ್ಲಿ ಅದನ್ನು ‘ಆಪ್ತಮಿತ್ರ’ವಾಗಿಸಿದ್ದನ್ನು ಈ ಪಂಥದವರು ಹೇಗೋ ಕ್ಷಮಿಸಿದರು, ಆದರೆ ಮನೋರೋಗದ ಕಥೆಯೆಂದು ಸಮಾಪ್ತಿಯಾದುದನ್ನು ಮತ್ತೆ ತೆರೆದು, ನಾಗವಲ್ಲಿಯ ಚಿತ್ರಪಟವನ್ನು ಬೇರೊಂದು ಮನೆಯ ಗೋಡೆಗೇರಿಸಿದ ‘ಆಪ್ತರಕ್ಷಕ’ವನ್ನು ಇಂದಿಗೂ ಕ್ಷಮಿಸಿಲ್ಲ. ವೈದ್ಯನು ರೋಗವನ್ನು ವಾಸಿಮಾಡಿದ ಮೇಲೆ ಎರಡನೆಯ ಭಾಗವೆಲ್ಲಿಂದ ಬರಬೇಕು ಎಂಬುದು ಅವರ ಪ್ರಶ್ನೆ.

‘ಆಪ್ತಮಿತ್ರ’ದ ಕೊನೆಯ ಪ್ರಕರಣವನ್ನು ಸಾವಧಾನವಾಗಿ ನೆನೆದುಕೊಂಡರೆ ಉತ್ತರ ಅಲ್ಲಿಯೇ ಇದೆ. ಪ್ರಿಯಕರನನ್ನು ಕಣ್ಣೆದುರಿಗೇ ಕೊಂದ ಅರಸನ ಮೇಲೆ ಸೇಡು ತೀರಿಸಿಕೊಳ್ಳಬೇಕೆಂದು ಹಂಬಲಿಸುವ ನರ್ತಕಿ ನಾಗವಲ್ಲಿಯನ್ನು ತನ್ನ ಮನಸ್ಸಿನೊಳಗೆ ಆವಾಹಿಸಿಕೊಂಡಿದ್ದಾಳೆ ಗಂಗೆ. ಬುದ್ಧಿ ಹೇಳಿ ಆ ಹಂಬಲವನ್ನು ಬಿಡಿಸುವುದು ಅಸಾಧ್ಯವೆಂದು ಕಂಡ ವೈದ್ಯನು, ಶಾಸ್ತ್ರವೆನ್ನದೆ ಮಂತ್ರವೆನ್ನದೆ ಆಚಾರ್ಯರೊಡನೆ ಕೈಜೋಡಿಸಿ, ತಾನೇ ಅರಸನಾಗಿ ಅವಳೆದುರು ನಿಲ್ಲುತ್ತಾನೆ. ಹೊಗೆ ಕವಿಯುತ್ತದೆ, ಅವಳ ದೃಷ್ಟಿ ಒಂದು ಕ್ಷಣ ಮರೆಯಾಗುತ್ತದೆ, ಆ ಕ್ಷಣಾರ್ಧದಲ್ಲಿ ವೈದ್ಯನು ಸರಿದು ಅವನ ಸ್ಥಳಕ್ಕೆ ಬೊಂಬೆಯೊಂದು ಬರುತ್ತದೆ; ಅವಳು ಬೊಂಬೆಯನ್ನು ಸಂಹರಿಸಿ, ಸೇಡು ತೀರಿತೆಂದು ನಂಬಿ, ಗಂಗೆಯಾಗಿ ಮರಳುತ್ತಾಳೆ. ಬೆರಗಿನ ಚಿಕಿತ್ಸೆ. ಆದರೆ ಲೆಕ್ಕದ ಪುಸ್ತಕವನ್ನು ತೆರೆದು ನೋಡಿ: ಗಂಗೆ ಗುಣವಾದಳು, ನಾಗವಲ್ಲಿಗೆ ಸಂದಾಯವಾದದ್ದು ಮಾತ್ರ ಬೊಂಬೆ. ಅವಳ ಋಣ ಬಾಕಿ ಉಳಿಯಿತು. ‘ಆಪ್ತರಕ್ಷಕ’ವು ಆ ಬಾಕಿಯನ್ನು ವಸೂಲಿಗೆ ತಂದು, ಅರಸನು ಸತ್ತೇ ಇಲ್ಲ, ಶತಾಯುಷ್ಯವನ್ನು ಮೀರಿ ಪಾಳು ಕೋಟೆಯಲ್ಲಿ ಜೀವ ಹಿಡಿದಿದ್ದಾನೆ ಎನ್ನುತ್ತದೆ. ವಿವೇಕಕ್ಕೆ ಒಪ್ಪದ ಮಾತು, ನಿಜ. ಕಥೆಯ ನ್ಯಾಯಕ್ಕೆ ಮಾತ್ರ ಇದಕ್ಕಿಂತ ಒಪ್ಪುವ ಮಾತಿಲ್ಲ.

ಖಡ್ಗ ಕೊಡಲಿಗಳ ಚಿತ್ರಸರಣಿಗಳಿಗೆಲ್ಲ, ಸತ್ತವನು ಸತ್ತಿಲ್ಲವೆಂಬ ಇದೇ ಬೀಜಮಂತ್ರ. ಅಮೆರಿಕದ ‘ಫ್ರೈಡೇ ದ ಥರ್ಟೀಂತ್’ 1980ರಲ್ಲಿ ಬಂದಾಗ ಕೊಲೆಗಾರ್ತಿ ತಾಯಿ, ಮಗ ಜೇಸನ್ ಸರೋವರದಲ್ಲಿ ಮುಳುಗಿಹೋದ ಬಾಲಕ. ಮರುವರ್ಷದ ಎರಡನೆಯ ಭಾಗಕ್ಕೆ ಆ ಮಗನು ಬದುಕಿಯೇ ಇದ್ದ. 1984ರಲ್ಲಿ ಅಂತಿಮ ಅಧ್ಯಾಯವೆಂದು ಹೆಸರಿಟ್ಟು ಅವನನ್ನು ಮುಗಿಸಿ, 1985ರಲ್ಲಿ ಹೊಸ ಆರಂಭವೆಂದು ಅಂಗಡಿ ತೆರೆದರು. ನಮ್ಮಲ್ಲಿ ಈ ಜಾತಿಗೆ ನಿಜವಾದ ಪ್ರತಿನಿಧಿ 2012ರಲ್ಲಿ ಆರಂಭವಾದ ‘ದಂಡುಪಾಳ್ಯ’ ಸರಣಿಯೆಂದು ಕಿರಿಯ ಸ್ನೇಹಿತರು ಹೇಳುವುದುಂಟು. ಕತ್ತಿಯ ಎಣಿಕೆಯೇ ಪ್ರಮಾಣವಾದರೆ ಅಹುದು. ಆದರೆ ಅದರ ಭೀತಿಯೆಲ್ಲ ಅಪರಾಧ ಸುದ್ದಿಯಿಂದ ಎರವಲು ತಂದದ್ದು, ಮನೆಗೆ ಬಂದು ಚಿಲಕ ಹಾಕಿಕೊಂಡರೆ ಮುಗಿಯಿತು. ಸಾಯದ ಅರಸನಿಗೆ ಚಿಲಕವೆಲ್ಲಿ?

ನಾವು ನೋಡುತ್ತಿದ್ದ ಚಿತ್ರವು ಈ ಸಾಯದ ಅರಸನ ಪ್ರಸಂಗಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಅಜ್ಜನವರ ಧ್ವನಿ ಕೇಳಿಸಿತು.

“ಈ ರಾಜನಿಗೆ ಯಾರೂ ಮೀದಿ ಇಟ್ಟಿಲ್ಲವಾ? ಅದಕ್ಕೇ ಹೀಗೆ ತಿರುಗುತ್ತಿದ್ದಾನೆ.”

ಅವನು ಪ್ರೇತವಲ್ಲ ಅಜ್ಜ, ಬದುಕಿಯೇ ಇರುವವನು ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ಕೊಡುವುದು ಹೇಗೆ ಮಾರಾಯಾ? ಸತ್ತ ಮೇಲೆ ಅಲ್ಲವಾ ಕೊಡುವುದು!” ಎಂದರು.

ಸರ್ಪದ ವ್ಯಾಜ್ಯವನ್ನು ನಾನು ಕೈಬಿಟ್ಟದ್ದು ಆ ಕ್ಷಣದಲ್ಲಿ. ಐನ್‌ಮನೆಯ ಬಳಿಯಲ್ಲೇ ಹಿರಿಯರ ಗುಡಿಯಾದ ಕೈಮಡವಿರುವ, ವರ್ಷಕ್ಕೊಮ್ಮೆ ಕಾರಣರಿಗೆ, ಎಂದರೆ ಸತ್ತ ಹಿರಿಯರಿಗೆ, ಬಾಳೆಲೆಯ ಮೇಲೆ ಅನ್ನ ಮಾಂಸ ಮದ್ಯಗಳ ಮೀದಿ ಇಟ್ಟು ಕರೆಯುವ, ತೆರೆ ಕಟ್ಟುವ ರಾತ್ರಿಯಲ್ಲಿ ಕಾರಣನು ಮೈಮೇಲೆ ಬಂದಾಗ ಮನೆತನದ ಕಷ್ಟಸುಖಗಳನ್ನು ಅವನೊಡನೆ ಹೇಳಿಕೊಳ್ಳುವ ಜನಕ್ಕೆ, ಸತ್ತವರು ಮರಳಿ ಬರುವರೆಂಬುದು ಭಯದ ವಾರ್ತೆಯಲ್ಲ. ಬಾರದೆ ಹೋದರೆ ಭಯ. ಆಂಗ್ಲ ಚಿತ್ರಗಳ ಶವಾಗಾರದ ನಡುಕವನ್ನು ಇಲ್ಲಿಗೆ ತಂದರೆ ಅದು ಊಟಕ್ಕೆ ಕರೆಯದೆ ಬಂದ ಹಿರಿಯನಂತೆ ಕಂಡೀತು. ಸಾಯಲೂ ಒಲ್ಲದೆ ಕಾರಣನೂ ಆಗದೆ, ಎಲೆಯ ಮುಂದೆ ಸ್ಥಳವಿಲ್ಲದೆ ಉಳಿದವನಾದರೋ ಇಲ್ಲಿಯವರನ್ನೂ ನಡುಗಿಸಬಲ್ಲ.

ಮರುದಿನ ಮಳೆ ತೆರವು ಕೊಟ್ಟಾಗ, ಆ ಮನೆಯಿಂದ ಬಹಳ ದೂರವಿಲ್ಲದ ನಾಲ್ಕುನಾಡು ಅರಮನೆಗೆ ಹೋಗಿಬಂದೆ. ದೊಡ್ಡವೀರರಾಜೇಂದ್ರನು 1792ರ ಸುಮಾರಿಗೆ ತಡಿಯಂಡಮೋಳ್ ಬೆಟ್ಟದ ಅಡಿಯಲ್ಲಿ ಕಟ್ಟಿಸಿದ ಆ ಹೆಂಚಿನ ಮನೆ, ಹೊರಗಿನಿಂದ ನೋಡಿದರೆ ಅನುಕೂಲಸ್ಥನೊಬ್ಬನ ತೊಟ್ಟಿಮನೆಯಷ್ಟೇ. ಒಳಹೊಕ್ಕರೆ ಬಣ್ಣ ಮಾಸಿದ ಗೋಡೆಚಿತ್ರಗಳು, ಕೆತ್ತನೆಯ ಮರ, ಹಗಲಿನಲ್ಲಿಯೂ ಕಣ್ಣು ಹೊಂದಿಕೊಳ್ಳಲು ಕಾಯಬೇಕಾದ ಕತ್ತಲೆಯ ಕೋಣೆಗಳು. ಅಂಗೈಯನ್ನು ಗೋಡೆಗೊತ್ತಿದರೆ ಮಳೆಗಾಲದ ಸುಣ್ಣ ಬೆರಳಿಗೆ ಹಿಟ್ಟಾಗಿ ಅಂಟುತ್ತದೆ. ಮಾಸ್ತಿಯವರ ಕಾದಂಬರಿಯಿಂದ ಕನ್ನಡಿಗರೆಲ್ಲರಿಗೂ ಪರಿಚಿತನಾದ ಚಿಕ್ಕವೀರರಾಜೇಂದ್ರನು 1834ರಲ್ಲಿ ಆಂಗ್ಲರ ಸೈನ್ಯ ಬಂದಾಗ ಕೊನೆಗೆ ಆಶ್ರಯಿಸಿದ್ದು ಇದನ್ನೇ. ಇಲ್ಲಿಂದ ಪದಚ್ಯುತನಾಗಿ ಕಾಶಿಗೆ, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ. ಈಸ್ಟ್ ಇಂಡಿಯಾ ಕಂಪನಿಯಿಂದ ತನ್ನ ಹಣವನ್ನು ಮರಳಿ ಪಡೆಯಲು ಹೋರಾಡುತ್ತಲೇ 1859ರಲ್ಲಿ ಲಂಡನ್ನಿನಲ್ಲಿ ಸತ್ತು ಕೆನ್ಸಲ್ ಗ್ರೀನಿನಲ್ಲಿ ಮಣ್ಣಾದ. ಮಡಿಕೇರಿಯ ಗದ್ದಿಗೆಯಲ್ಲಿ ಗುಮ್ಮಟಗಳ ಕೆಳಗೆ ದೊಡ್ಡವೀರರಾಜನಿದ್ದಾನೆ, ಲಿಂಗರಾಜನಿದ್ದಾನೆ. ತಂದೆಗಾಗಿ ಅಲ್ಲಿ ಗದ್ದಿಗೆ ಕಟ್ಟಿಸಿದ ಮಗನಿಲ್ಲ. ಕೂರುವ ಗದ್ದಿಗೆಯೂ ಹೋಯಿತು, ಮಲಗುವ ಗದ್ದಿಗೆಯೂ ದಕ್ಕಲಿಲ್ಲ. ಕಥೆಗಾರರು ಅರಿತು ಮಾಡಿದರೋ ಅರಿಯದೆಯೋ, ಚಿತ್ರದ ಅರಸನ ಹೆಸರಿನಲ್ಲಿಯೂ ‘ರಾಜೇಂದ್ರ’ ಎಂಬ ಪದವಿದೆ. ಆ ಕತ್ತಲೆಯ ಕೋಣೆಯಲ್ಲಿ ನಿಂತಾಗ ವಾಸು ಅವರ ಪಾಳು ಕೋಟೆ ನನಗೆ ಉತ್ಪ್ರೇಕ್ಷೆಯೆಂದು ತೋರಲಿಲ್ಲ.

2010ರ ಫೆಬ್ರವರಿಯಲ್ಲಿ ಈ ಚಿತ್ರವನ್ನು ಮೊದಲ ಸಲ ಟಾಕೀಸಿನಲ್ಲಿ ಕಂಡಾಗ ಇದಾವುದೂ ಹೊಳೆದಿರಲಿಲ್ಲ. ವಿಷ್ಣುವರ್ಧನರು 2009ರ ಡಿಸೆಂಬರ್ 30ರಂದು ತೀರಿಕೊಂಡು ಎರಡು ತಿಂಗಳೂ ತುಂಬಿರಲಿಲ್ಲ. ‘ಆಪ್ತಮಿತ್ರ’ವನ್ನು ಜನ ನೋಡುವಷ್ಟರಲ್ಲಿ ಗಂಗೆಯಾಗಿದ್ದ ನಟಿ ಸೌಂದರ್ಯ ಇರಲಿಲ್ಲ, ‘ಆಪ್ತರಕ್ಷಕ’ವನ್ನು ನೋಡುವಷ್ಟರಲ್ಲಿ ಇವರಿರಲಿಲ್ಲ. ಸಾಯಲೊಲ್ಲದ ಅರಸನ ವೇಷದಲ್ಲಿ ಸತ್ತುಹೋದ ನಟನು ಪರದೆಯ ಮೇಲೆ ಬಂದಾಗ ನಮ್ಮ ಸಾಲಿನಲ್ಲಿ ಸಿಳ್ಳೆ ಹಾಕಲೆಂದು ಬಾಯಿಗೆ ಬೆರಳಿಟ್ಟ ಹುಡುಗನೊಬ್ಬನು ಹಾಗೆಯೇ ಬೆರಳನ್ನು ಬಾಯಲ್ಲಿಟ್ಟುಕೊಂಡು ಕುಳಿತುಬಿಟ್ಟಿದ್ದ.

ಈ ಸಂಗತಿಯನ್ನು, ಅರಮನೆಯಿಂದ ಮರಳಿದ ರಾತ್ರಿ, ಅಜ್ಜನವರಿಗೆ ಹೇಳಿದೆ. ಚಿತ್ರ ತೆರೆಗೆ ಬರುವ ಮೊದಲೇ ಆ ನಟ ತೀರಿಕೊಂಡದ್ದು ಅವರಿಗೆ ಹೊಸ ಸುದ್ದಿ. “ನಮ್ಮ ಅಚ್ಚಪ್ಪನಲ್ಲವಾ ಅವನು?” ಎಂದರು. ‘ಮುತ್ತಿನ ಹಾರ’ ಚಿತ್ರದ ಅಚ್ಚಪ್ಪ, ಅವರ ಮಟ್ಟಿಗೆ ವಿಷ್ಣುವರ್ಧನರಿಗೆ ಬೇರೆ ಹೆಸರಿಲ್ಲ. ಅಹುದೆಂದೆ. ಅವರು ಮುಂದಿದ್ದ ಗ್ಲಾಸಿನಲ್ಲಿ ಉಂಗುರದ ಬೆರಳನ್ನು ಅದ್ದಿ, ಎರಡು ಹನಿಯನ್ನು ನೆಲಕ್ಕೆ ಚಿಮುಕಿಸಿ, ಆಮೇಲೆ ಕುಡಿದರು.